ಗ್ರಾಬೂವ್ಕಾದ ಮೇಲೆ ಕೆಂಪು ನಕ್ಷತ್ರ

ಎಲ್ಲರಿಗೂ ಕಣ್ಣು ಹಂಚಿದ ದೇವರು ಅಂಬ್ರೋಜಿಗೂ ಎರಡು ಕೊಟ್ಟಿದ್ದ, ಇಲ್ಲವೆನ್ನಲಾಗದು. ಆದರೆ ಇವನ ಸರದಿ ಬರುವ ಹೊತ್ತಿಗೆ ಯಾರೋ ಬಾಗಿಲು ತಟ್ಟಿರಬೇಕು. ದೇವರು ಆ ಕಡೆ ನೋಡುತ್ತ, ಈ ಕಡೆ ಕೈಗೆ ಸಿಕ್ಕಿದ್ದನ್ನು ಕೂರಿಸಿ ಕಳಿಸಿಬಿಟ್ಟ. ಒಮ್ಮೆ ಆಲೂಗಡ್ಡೆ ಹೊಲದ ಅಂಚಿನಲ್ಲಿ ಜಪಮಾಲೆ ಹಿಡಿದು ನಿಂತಿದ್ದ ಫಾದರ್ ಸಿಲ್ವೆಸ್ಟರರನ್ನು ಬೆದರುಬೊಂಬೆ ಎಂದುಕೊಂಡು, ಬೊಂಬೆಗೆ ಯಾಕಪ್ಪ ಇಷ್ಟು ಒಳ್ಳೆಯ ಕೋಟು ಎಂದು ಗುಂಡಿ ಬಿಚ್ಚಲು ಹೋದವನು ಅವನು. ಫಾದರ್ ಕ್ಷಮಿಸಿದರು. ಊರು ಮರೆಯಲಿಲ್ಲ.

ಇಂಥವನ ಹೆಗಲಿಗೇ ಊರಿನ ನಕ್ಷತ್ರ ನೋಡುವ ಕೆಲಸ ಬಿತ್ತು.

ಕ್ರಿಸ್ತಜಯಂತಿಯ ಹಿಂದಿನ ದಿನ ಬೆಳಗಿನಿಂದ ಉಪವಾಸ. ಸಂಜೆ ಆಕಾಶದಲ್ಲಿ ಮೊದಲ ನಕ್ಷತ್ರ ಕಂಡ ಮೇಲೆ ಊಟ. ಬೇರೆ ಊರುಗಳಲ್ಲಿ ಮನೆಯ ಕಿರಿಯ ಕೂಸು ಕಿಟಕಿಗೆ ಮೂಗು ಒತ್ತಿಕೊಂಡು ನಕ್ಷತ್ರ ಕಾಯುತ್ತದೆ. ಗ್ರಾಬೂವ್ಕಾ ಕಾಡಿನ ನಡುವಿನ ತಗ್ಗಿನಲ್ಲಿ ಬಿದ್ದುಕೊಂಡಿರುವ ಊರು. ಅಲ್ಲಿನ ಕಿಟಕಿಯಿಂದ ಕಾಣುವುದು ಪಕ್ಕದ ಮನೆಯ ಹೊಗೆ. ಆದ್ದರಿಂದ ದಿಬ್ಬದ ಮೇಲಿನ ಮನೆಯವರು ನೋಡಿ ಕೂಗಬೇಕು, ಕೆಳಗಿನವರು ಕೇಳಿ ಉಣ್ಣಬೇಕು. ಬಹಳ ವರ್ಷ ಆ ಮನೆಯ ಯಜಮಾನ ಫ್ಲೋರಿಯಾನ್ ಕೂಗಿದ. ಅವನ ದನಿ ಇಗರ್ಜಿಯ ಗಂಟೆಗಿಂತ ಸ್ವಲ್ಪವೇ ಕಡಿಮೆ. ಅವನು ದೇವರ ಪಾದ ಸೇರಿದ ಮೇಲೆ ಆ ಮನೆಯಲ್ಲಿ ಉಳಿದವರು ಮೂವರು: ಹೆಂಡತಿ ಯೂಫೆಮಿಯಾ, ವಿಧವೆ ಮಗಳು ಗೆನೊವೆಫಾ, ಮದುವೆಯಾಗದ ಮಗ ಅಂಬ್ರೋಜಿ. ಐವತ್ತು ದಾಟಿ, ನೆತ್ತಿ ಬೋಳಾಗಿ, ಮೊಣಕಾಲು ಹಿಡಿದುಕೊಂಡಿದ್ದರೂ ಮನೆಯ ಕಿರಿಯ ಕೂಸು ಅಂಬ್ರೋಜಿಯೇ.

"ಮಗು ಅಂಗಳಕ್ಕೆ ಬಂತಾ? ಟೋಪಿ ಹಾಕಿದಾರಾ ಮಗೂಗೆ?" ಎಂದು ಕೆಳಗಿನಿಂದ ಕಾಯೆತಾನ್ ಕೂಗುತ್ತಿದ್ದ. ಈ ಕಾಯೆತಾನ್ ಹಿಂದಿನ ಸರಕಾರದ ಕಾಲದಲ್ಲಿ ಊರಿನ ಕಮ್ಯುನಿಸ್ಟ್ ಪಕ್ಷದ ಕಾರ್ಯದರ್ಶಿ. ಕೆಂಪು ಬಾವುಟ ಇಳಿದು ಎರಡು ಮೂರು ಚಳಿಗಾಲ ಕಳೆದಿತ್ತು. ಈಗ ಅವನು ಇಗರ್ಜಿಯ ಮೊದಲ ಸಾಲಿನಲ್ಲಿ ಕೂತು ಎಲ್ಲರಿಗಿಂತ ಜೋರಾಗಿ ಹಾಡುತ್ತಿದ್ದ.

ಅಂಬ್ರೋಜಿ ಕಾಯುವ ಕಾಲ ಬಂದ ಮೇಲೆ ಗ್ರಾಬೂವ್ಕಾದ ಊಟ ವರ್ಷವರ್ಷಕ್ಕೂ ತಡವಾಗುತ್ತ ಹೋಯಿತು. ಚಳಿಗೆ ಅವನ ಕನ್ನಡಕ ಮಂಜು ಹಿಡಿಯುವುದು, ಒರೆಸಿದರೆ ಮತ್ತೆ ಹಿಡಿಯುವುದು. ಊರಿನವರು ಬೈದುಕೊಂಡೇ ಕಾದರು. ಆದರೆ ಹಿಂದಿನ ವರ್ಷ ನಡೆದದ್ದು ಬೈಗುಳಕ್ಕೆ ಮುಗಿಯುವಂಥದ್ದಲ್ಲ. ಯೂಫೆಮಿಯಾಗೆ ಸಕ್ಕರೆ ಕಾಯಿಲೆ. ಉಪವಾಸ ಕೂಡದು ಎಂದು ಪೇಟೆಯ ಡಾಕ್ಟರು ಹೇಳಿದ್ದರು. "ಡಾಕ್ಟ್ರು ನಂಗಿಂತ ಚಿಕ್ಕವರು" ಎಂದು ಮುದುಕಿ ಆ ವಿಷಯ ಮುಗಿಸಿದ್ದಳು. ಮಗ ಅಂಗಳದಲ್ಲಿ ಕನ್ನಡಕ ಒರೆಸುತ್ತಿದ್ದಾಗ ಅವಳು ಒಳಗೆ ಒಲೆಯ ಪಕ್ಕದ ಬೆಂಚಿನ ಮೇಲೆ ಸದ್ದಿಲ್ಲದೆ ಒರಗಿಬಿಟ್ಟಿದ್ದಳು. ಸಕ್ಕರೆ ನೀರು ಕುಡಿಸಿ ಎಬ್ಬಿಸಿದರೆ, ಕಣ್ಣು ಬಿಟ್ಟವಳ ಮೊದಲ ಮಾತು, "ನಕ್ಷತ್ರ ಬಂತಾ? ಬರೋ ಮುಂಚೆ ಕುಡಿಸಿದ್ರಾ ಪಾಪಿಗಳಾ?"

ಆ ಬಿಳಿಚಿಕೊಂಡ ಮುಖ ವರ್ಷವಿಡೀ ಅಂಬ್ರೋಜಿಯ ಬೆನ್ನು ಬಿಡಲಿಲ್ಲ. ಅವ್ವ ಉಪವಾಸ ಬಿಡುವವಳಲ್ಲ. ಹಾಗಾದರೆ ನಕ್ಷತ್ರವನ್ನೇ ಬೇಗ ಕರೆತರಬೇಕು. ಹೀಗೆಂದು ತೀರ್ಮಾನಿಸಿ ಅವನು ಹಬ್ಬದ ವಾರ ಗಡಿಯ ಸಂತೆಗೆ ಹೋದ.

ಆಗಿನ ಗಡಿ ಸಂತೆಯನ್ನು ಕಂಡವರು ಈಗಲೂ ನೆನೆಸಿಕೊಂಡು ನಗುತ್ತಾರೆ. ಪೂರ್ವದ ಕಡೆಯವರು ರಾತ್ರಿ ರೈಲಿಳಿದು, ಹಿಮದ ಮೇಲೇ ಕಂಬಳಿ ಹಾಸಿ, ಒಡೆದುಹೋದ ಒಂದು ದೊಡ್ಡ ದೇಶವನ್ನು ಬಿಡಿಬಿಡಿಯಾಗಿ ಮಾರುತ್ತಿದ್ದರು. ಇಸ್ತ್ರಿಪೆಟ್ಟಿಗೆ, ಅಲಾರಾಂ ಗಡಿಯಾರ, ಸಿಪಾಯಿ ಟೋಪಿ, ಯಾರದೋ ಎದೆಯ ಪದಕ. ಲ್ಯೂಬಾ ಎಂಬ ದಪ್ಪ ಹೆಂಗಸಿನ ಕಂಬಳಿಯ ಮೇಲೆ ದುರ್ಬೀನುಗಳು ಬೆಕ್ಕಿನ ಮರಿಗಳ ಹಾಗೆ ಸಾಲಾಗಿ ಮಲಗಿದ್ದವು.

"ಏನಣ್ಣ, ಹಕ್ಕಿ ನೋಡೋಕಾ, ಪಕ್ಕದ ಮನೆ ನೋಡೋಕಾ?"

"ನಕ್ಷತ್ರ ನೋಡೋಕೆ."

"ಹಾಗಾದ್ರೆ ಈ ಏಳು ಪಟ್ಟಿಂದು ತಗೋ, ಏಳು ಪಟ್ಟು ದೊಡ್ಡದಾಗಿ ತೋರಿಸುತ್ತೆ. ಅಗ್ಗ. ಮುಂದಿನ ಗಾಜು ಅಗಲ, ಬೆಳಕನ್ನ ಹಾಲು ಕುಡಿದ ಹಾಗೆ ಕುಡಿಯುತ್ತೆ. ಕೈಯಲ್ಲಿ ಹಿಡಿದ್ರೂ ಅಲ್ಲಾಡಲ್ಲ."

"ಏಳೇನಾ?" ಅಂಬ್ರೋಜಿಗೆ ಮುಖಭಂಗವಾಯಿತು. "ನಮ್ಮೂರ ಕಾಯೆತಾನ್ ಹತ್ರ ಹತ್ತು ಪಟ್ಟಿಂದು ಇದೆ."

"ಅಣ್ಣ, ಪಟ್ಟು ಜಾಸ್ತಿಯಾದ್ರೆ ನಡುಕಾನೂ ಜಾಸ್ತಿ. ಏಳರಲ್ಲಿ ನಕ್ಷತ್ರ ಕಾಣುತ್ತೆ. ಇಪ್ಪತ್ತರಲ್ಲಿ ನಿನ್ನ ಕೈನಡುಕ ಕಾಣುತ್ತೆ."

"ಇಪ್ಪತ್ತೂ ಇದೆಯಾ?"

ಲ್ಯೂಬಾ ಉಸಿರುಬಿಟ್ಟಳು. ಬುದ್ಧಿ ಹೇಳುವುದು ಅವಳ ಧರ್ಮ, ಮಾರುವುದು ಅವಳ ಕಸುಬು. ಮೊದಲನೆಯದು ಮುಗಿದಿತ್ತು. ಕಂಬಳಿಯ ತುದಿಯಿಂದ ಕರುವಿನಷ್ಟು ಭಾರದ ದುರ್ಬೀನೊಂದನ್ನು ಎತ್ತಿಕೊಟ್ಟು, ಜೊತೆಗೆ ಕಣ್ಣಿಡುವ ಕಡೆ ತಿರುಪಿ ಕೂರಿಸುವ ಬಣ್ಣದ ಗಾಜುಗಳ ಡಬ್ಬಿಯನ್ನೂ ತೆರೆದಳು. "ಇವು ಫಿಲ್ಟರು. ಈ ಕಪ್ಪು ಹಸಿರು ಹುಣ್ಣಿಮೆ ಚಂದ್ರನಿಗೆ, ಕಣ್ಣು ಕೋರೈಸಲ್ಲ. ಹಳದಿ ಮಬ್ಬು ಕಳೆಯೋಕೆ. ಈ ಕೆಂಪಿದೆಯಲ್ಲ, ಇದು ಹಗಲಿನ ನೀಲೀನ ನುಂಗಿ ಆಕಾಶ ಕಪ್ಪು ಮಾಡಿಬಿಡುತ್ತೆ. ಸಂಜೆಚುಕ್ಕಿ ಕತ್ತಲಾಗೋ ಮುಂಚೇನೇ ಕಾಣುತ್ತೆ. ಸೂರ್ಯನ ಕಡೆ ಮಾತ್ರ ತಿರುಗಿಸಬೇಡ, ಇರೋ ಕಣ್ಣೂ ಹೋದಾವು. ಇನ್ನೊಂದು ವಿಷಯ..."

ಇನ್ನೊಂದು ವಿಷಯ ಕೇಳಲು ಅಂಬ್ರೋಜಿ ಅಲ್ಲಿರಲಿಲ್ಲ. ದೇಹ ಅಲ್ಲೇ ಇತ್ತು, ಮನಸ್ಸು ಆಗಲೇ ದಿಬ್ಬದ ಮೇಲೆ ನಿಂತು ಊರಿಗೆಲ್ಲ ಕೂಗುತ್ತಿತ್ತು. ಗೆನೊವೆಫಾ ಹಬ್ಬದ ಸಾರಿಗೆಂದು ಪೋಣಿಸಿಟ್ಟ ಒಣ ಅಣಬೆಯ ಸರಗಳನ್ನು ಕೋಟಿನೊಳಗಿನಿಂದ ತೆಗೆದು ಲ್ಯೂಬಾಳ ಕೊರಳಿಗೇ ಹಾಕಿ, ದುರ್ಬೀನು ಅಪ್ಪಿಕೊಂಡು ಊರಿಗೆ ಬಂದ.

ಹಬ್ಬದ ಹಿಂದಿನ ದಿನ ಆಕಾಶ ತೊಳೆದಿಟ್ಟ ತಟ್ಟೆಯಂತಿತ್ತು. ಸೂರ್ಯ ಕಾಡಿನ ಹಿಂದೆ ಇಳಿದಿದ್ದ, ಆದರೆ ಬೆಳಕಿನ್ನೂ ಅಂಗಳ ಬಿಟ್ಟಿರಲಿಲ್ಲ. ಒಳಗೆ ಗೆನೊವೆಫಾ ಅಣಬೆಯ ಸರ ಹುಡುಕುತ್ತ ಇಲಿಗಳಿಗೆ ಶಾಪ ಹಾಕುತ್ತಿದ್ದಳು. ಯೂಫೆಮಿಯಾ ಒಲೆಯ ಪಕ್ಕ ಕೂತು ಜಪಮಾಲೆಯ ಮಣಿ ಎಣಿಸುತ್ತಿದ್ದಳು. ಮಣಿ ನಿಧಾನವಾಗಿ ಸರಿಯುತ್ತಿತ್ತು.

"ಅವ್ವ, ತಲೆ ಸುತ್ತುತ್ತಾ?" ಎಂದು ಅಂಬ್ರೋಜಿ ಬಾಗಿಲಿಂದಲೇ ಕೇಳಿದ.

"ನೀನು ಬಾಗಿಲು ಹಾಕು, ಚಳಿ ಬರುತ್ತೆ" ಎಂದಳು ತಾಯಿ. ಆದರೆ ದನಿ ಒಣಗಿತ್ತು.

ಅಂಬ್ರೋಜಿ ಬಾವಿಯ ಬಳಿ ನಿಂತು ದುರ್ಬೀನೆತ್ತಿದ. ಲ್ಯೂಬಾ ಹೇಳಿದ ಮಾತು ನಿಜವೆಂದು ತಿಳಿಯಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಇಡೀ ಆಕಾಶವೇ ಜ್ವರ ಬಂದವರಂತೆ ನಡುಗುತ್ತಿತ್ತು. ಬಾವಿಯ ಕಂಬಕ್ಕೆ ಒರಗಿಸಿದ, ಸ್ವಲ್ಪ ನಿಂತಿತು. ಹಳದಿ ಗಾಜು ಹಾಕಿದ, ಆಕಾಶ ಮೊಟ್ಟೆಯೊಳಗಿನ ಹಳದಿಯಂತೆ ಕಂಡಿತು. ಅದನ್ನು ತೆಗೆದು ಕೆಂಪು ತಿರುಪಿದ. ಆಕಾಶ ಕಪ್ಪಾಯಿತು. ಕಾಡಿನ ನೆತ್ತಿಯ ಮೇಲೆ, ಆ ಕಪ್ಪಿನ ನಡುವೆ, ಒಂದು ಚುಕ್ಕಿ. ಜೀವಮಾನದಲ್ಲಿ ಮೊದಲ ಸಲ ಅಂಬ್ರೋಜಿ ಒಂದು ನಕ್ಷತ್ರವನ್ನು ನಕ್ಷತ್ರದ ಹಾಗೆ ಕಂಡ. ಅದಕ್ಕೆ ಮುಂಚೆ ಅವನಿಗೆ ನಕ್ಷತ್ರವೆಂದರೆ ಆಕಾಶಕ್ಕೆ ಚೆಲ್ಲಿದ ಹಾಲು. ಕಣ್ಣಲ್ಲಿ ನೀರು ಬಂತು. ಎದೆಯ ಗೂಡಿನಿಂದ ದನಿ ಎಳೆದು ಕೂಗಿದ:

"ನಕ್ಷತ್ರ ಬಂತೋ! ನಕ್ಷತ್ರ ಬಂತು!"

ಕೆಳಗಿನ ಊರು ಬೆಚ್ಚಿಬಿತ್ತು. ಒಂದು ಮನೆಯಲ್ಲಿ ಕಡುಬು ಇನ್ನೂ ಹಿಟ್ಟಿನ ಹಲಗೆಯ ಮೇಲಿತ್ತು. ಇನ್ನೊಂದು ಮನೆಯಲ್ಲಿ ಹಬ್ಬದೂಟಕ್ಕೆಂದು ಜೀವಂತ ತಂದಿಟ್ಟ ಮೀನು ಇನ್ನೂ ಸ್ನಾನದ ತೊಟ್ಟಿಯಲ್ಲಿ ಈಜುತ್ತಿತ್ತು. ಊರ ಮುಖ್ಯಸ್ಥೆ ಪೆಲಾಗಿಯಾ ಕೂದಲು ಗುಂಗುರು ಮಾಡುವ ಸುರುಳಿಗಳನ್ನು ತಲೆಗೆ ಸುತ್ತಿಕೊಂಡೇ ಬೀದಿಗೆ ಬಂದಳು. "ಏನ್ರೀ ಇದು, ಕತ್ತಲೇ ಆಗಿಲ್ಲ, ನಕ್ಷತ್ರ ಹೇಗೆ ಬಂತು? ನನ್ನ ಹತ್ರ ಯಾರೂ ಅನುಮತಿ ಕೇಳಿಲ್ಲ!"

"ಮಗು ಕನಸು ಕಂಡಿದೆ" ಎಂದ ಕಾಯೆತಾನ್. ಆದರೂ ತನ್ನ ಹತ್ತು ಪಟ್ಟಿನ ದುರ್ಬೀನನ್ನು ಕೊರಳಿಗೆ ಹಾಕಿಕೊಂಡೇ ದಿಬ್ಬ ಹತ್ತಿದ. ಅವನ ಹಿಂದೆ ಪೆಲಾಗಿಯಾ. ಅವಳ ಹಿಂದೆ, ಹಸಿದ ಊರು ಅರ್ಧಕ್ಕರ್ಧ.

"ಎಲ್ಲಯ್ಯಾ ನಕ್ಷತ್ರ?" ಕಾಯೆತಾನ್ ತನ್ನ ದುರ್ಬೀನಿನಲ್ಲಿ ನೋಡಿದ. ಬರಿಯ ಬಿಳಿ ಬೆಳಕು.

"ನಿನ್ನದು ಹತ್ತೇ ಪಟ್ಟು ಅಲ್ವಾ ಕಾಯೆತಾನಣ್ಣ, ಪಾಪ" ಎಂದ ಅಂಬ್ರೋಜಿ. ಇಂಥ ಮಾತಾಡುವ ಅವಕಾಶ ಮನುಷ್ಯನಿಗೆ ಜನ್ಮದಲ್ಲಿ ಒಮ್ಮೆ ಸಿಗುತ್ತದೆ. ಅವನು ಅದನ್ನು ಸವಿದು, ನುಂಗಿ, ಬಾವಿಯ ಕಂಬದ ಜಾಗ ಬಿಟ್ಟುಕೊಟ್ಟ. "ಬಾ, ಇದರಲ್ಲಿ ನೋಡು."

ಕಾಯೆತಾನ್ ನೋಡಿದ. ಬಹಳ ಹೊತ್ತು ನೋಡಿದ. ದುರ್ಬೀನು ಇಳಿಸಿದಾಗ ಅವನ ಮುಖದಲ್ಲಿ ರಕ್ತವಿರಲಿಲ್ಲ.

"ಇದೆ" ಎಂದ ಮೆಲ್ಲಗೆ. "ಆದ್ರೆ... ಕೆಂಪಗಿದೆ."

"ಏನು ಕೆಂಪಗಿದೆ?"

"ನಕ್ಷತ್ರ. ಕೆಂಪು ನಕ್ಷತ್ರ."

ಬೇರೆ ದೇಶದಲ್ಲಾಗಿದ್ದರೆ ಜನ ಅಯ್ಯೋ ಎಷ್ಟು ಚೆಂದ ಎನ್ನುತ್ತಿದ್ದರೇನೋ. ಗ್ರಾಬೂವ್ಕಾದ ಜನ ಆ ನಕ್ಷತ್ರವನ್ನು ಕಚೇರಿಯ ಬಾಗಿಲಲ್ಲಿ, ಶಾಲೆಯ ಗೋಡೆಯಲ್ಲಿ, ಸಿಪಾಯಿಗಳ ಟೋಪಿಯಲ್ಲಿ ಅರ್ಧ ಆಯುಷ್ಯ ನೋಡಿದ್ದರು. ಅದನ್ನು ಇಳಿಸಿ ಗುಜರಿಗೆ ಹಾಕಿದ ದಿನ ಕುಣಿದಿದ್ದರು. ಈಗ ಅದು ಹಬ್ಬದ ದಿನವೇ ಆಕಾಶಕ್ಕೆ ಹತ್ತಿ ಕೂತಿದೆ ಎಂದರೆ!

ಪೆಲಾಗಿಯಾ ನೋಡಿದಳು. ಶಿಲುಬೆಯ ಗುರುತು ಹಾಕಿಕೊಂಡಳು. "ಬಂದ್ರು. ನಾನು ಹೇಳ್ತಾನೇ ಇದ್ದೆ, ಇವರು ಹೋಗೋ ಜನ ಅಲ್ಲ ಅಂತ. ಒಳ್ಳೇದಾಯ್ತು, ಕಚೇರೀಲಿದ್ದ ಹಳೇ ನಾಯಕರ ಪಟ ನಾನು ಎಸೆದಿಲ್ಲ. ಹುಳಿ ಎಲೆಕೋಸಿನ ಪೀಪಾಯಿಗೆ ಮುಚ್ಚಿದೀನಿ, ಅಷ್ಟೆ. ತೊಳೆದ್ರೆ ವಾಸನೆ ಹೋಗುತ್ತೆ."

ಎಲ್ಲರ ಕಣ್ಣೂ ಕಾಯೆತಾನ್ ಕಡೆ ತಿರುಗಿದವು.

"ನನ್ನ ಯಾಕ್ರೀ ನೋಡ್ತೀರಾ? ನಂಗೆ ಮೇಲಿಂದ ಯಾವ ಆದೇಶಾನೂ ಬಂದಿಲ್ಲ!" ಎಂದು ಅವನು ಕಿರುಚಿದ. "ನಾನು ಪ್ರತಿ ಭಾನುವಾರ ಇಗರ್ಜಿಗೆ ಬರ್ತೀನೋ ಇಲ್ವೋ?"

"ಜಾಸ್ತಿ ಜೋರಾಗಿ ಹಾಡ್ತಿದ್ದಾಗಲೇ ಅನುಮಾನ ಇತ್ತು" ಎಂದರು ಯಾರೋ ಹಿಂದಿನಿಂದ.

"ಆ ದುರ್ಬೀನು ಎಲ್ಲಿಂದ ತಂದೆಯೋ ಅಂಬ್ರೋಜಿ?"

"ಗಡಿ ಸಂತೆಯಿಂದ."

"ಮತ್ತಿನ್ನೇನು! ಅವರ ಗಾಜಿನಲ್ಲಿ ಅವರ ನಕ್ಷತ್ರಾನೇ ಕಾಣೋದು."

ಈ ತರ್ಕಕ್ಕೆ ಎಲ್ಲರೂ ತಲೆಯಾಡಿಸಿದರು. ಹಸಿದ ಹೊಟ್ಟೆಗೆ ಯಾವ ತರ್ಕವೂ ಬೇಗ ಹಿಡಿಸುತ್ತದೆ. ಅಷ್ಟರಲ್ಲಿ ಏದುಸಿರು ಬಿಡುತ್ತ ಫಾದರ್ ಸಿಲ್ವೆಸ್ಟರ್ ಬಂದರು. ಪಾಪ, ಅವರು ಅಂಬ್ರೋಜಿಯ ಕೂಗನ್ನು ನಂಬಿದ ಒಬ್ಬರೇ ಮನುಷ್ಯ. ಉಪ್ಪುಮೀನಿನ ಒಂದು ತುಂಡು ಆಗಲೇ ಹೊಟ್ಟೆ ಸೇರಿತ್ತು, ಎರಡನೆಯದು ಗಡ್ಡದಲ್ಲಿತ್ತು.

"ಫಾದರ್, ಕೆಂಪು ನಕ್ಷತ್ರ ನೋಡಿ ಉಪವಾಸ ಬಿಡಬಹುದಾ?" ಎಂದು ಪೆಲಾಗಿಯಾ ಕೇಳಿದಳು.

ಫಾದರ್ ಗಡ್ಡ ಒರೆಸಿಕೊಂಡರು. "ನಕ್ಷತ್ರ ಇಂಥದೇ ಬಣ್ಣದಲ್ಲಿರಬೇಕು ಅಂತ ಗ್ರಂಥದಲ್ಲೆಲ್ಲೂ ಹೇಳಿಲ್ಲಮ್ಮ" ಎಂದರು, ಬಹಳ ಎಚ್ಚರಿಕೆಯಿಂದ. ತಿಂದಾಗಿದ್ದವರು ಬೇರೇನು ಹೇಳಿಯಾರು?

"ನಾನು ಬಿಡಲ್ಲ."

ಎಲ್ಲರೂ ತಿರುಗಿದರು. ಬಾಗಿಲಲ್ಲಿ ಯೂಫೆಮಿಯಾ ಶಾಲು ಹೊದ್ದು, ಗೆನೊವೆಫಾಳ ತೋಳು ಹಿಡಿದು ನಿಂತಿದ್ದಳು. ಮುಖ ಹಬ್ಬದ ಮೇಜುಬಟ್ಟೆಯಷ್ಟು ಬಿಳಿ.

"ಅವ್ವ, ನಿಂಗೋಸ್ಕರಾನೇ ಬೇಗ ಹುಡುಕಿದೆ. ಒಂದು ತುತ್ತು ತಿನ್ನು" ಎಂದ ಅಂಬ್ರೋಜಿ. ಅವನ ದನಿಯಲ್ಲಿದ್ದ ಜಂಬವೆಲ್ಲ ಇಳಿದುಹೋಗಿತ್ತು.

"ಆ ನಕ್ಷತ್ರದ ಕೆಳಗೆ ಬೇಕಾದಷ್ಟು ವರ್ಷ ಅರೆಹೊಟ್ಟೇಲಿ ಮಲಗಿದೀನಿ ಮಗಾ. ಅದನ್ನ ನೋಡಿ ಊಟಕ್ಕೆ ಕೂತ್ಕೊಳ್ಳಲ್ಲ."

"ಯೂಫೆಮಿಯಮ್ಮ, ನಿಮಗೆ ಕಾಯಿಲೆ. ನಾನೇ ಅಪ್ಪಣೆ ಕೊಡ್ತೀನಿ, ತಿನ್ನಿ" ಎಂದರು ಫಾದರ್.

"ನಿಮ್ಮ ಅಪ್ಪಣೆ ಮೀನಿನ ವಾಸನೆ ಹೊಡೀತಿದೆ ಫಾದರ್."

ಅಂಬ್ರೋಜಿಗೆ ಆಗ ಹೊಳೆಯಿತು. ದುರ್ಬೀನು ಕೈಗೆತ್ತಿಕೊಂಡು ಕಣ್ಣಿಡುವ ಕಡೆ ಸವರಿದ. "ಅಯ್ಯೋ! ಕೆಂಪು ಗಾಜು! ನಾನೇ ಹಾಕಿದ್ದು! ನಕ್ಷತ್ರ ಕೆಂಪಲ್ಲ, ಗಾಜು ಕೆಂಪು!"

ಜನ ಬೈಯಲು ಬಾಯಿ ತೆರೆದರು, ಆದರೆ ಸಮಾಧಾನವೇ ಹೆಚ್ಚಾಗಿ ಬಾಯಿ ಮುಚ್ಚಿದರು. ಕಾಯೆತಾನ್ ಬಾವಿಕಟ್ಟೆಯ ಮೇಲೆ ಕುಸಿದು ಕೂತು ಜೋರಾಗಿ ಒಂದು ಕೀರ್ತನೆ ಎತ್ತಿಕೊಂಡ. "ತೆಗೀರಿ ಅದನ್ನ ಬೇಗ, ಬಿಳಿ ನಕ್ಷತ್ರ ತೋರಿಸಿ ಮುದುಕಿಗೆ" ಎಂದಳು ಪೆಲಾಗಿಯಾ.

ತೆಗೆಯುವುದು ಹೇಗೆ? ಅಂಬ್ರೋಜಿಯ ಉಸಿರು ಗಾಜಿನ ಸುತ್ತಲಿನ ಲೋಹದ ಅಂಚಿನ ಮೇಲೆ ಹೆಪ್ಪುಗಟ್ಟಿ, ತಿರುಪು ಕಲ್ಲಾಗಿತ್ತು. ಅವನು ತಿರುಗಿಸಿದ. ಕಾಯೆತಾನ್ ತಿರುಗಿಸಿದ. ಫಾದರ್ ಆಶೀರ್ವದಿಸಿ ತಿರುಗಿಸಿದರು. ಕಡೆಗೆ ಗೆನೊವೆಫಾ ದುರ್ಬೀನನ್ನು ಕಸಿದು ಅಡಿಗೆಮನೆಗೆ ಒಯ್ದು, ಕುದಿಯುತ್ತಿದ್ದ ಬೀಟ್ರೂಟ್ ಸಾರಿನ ಹಬೆಗೆ ಹಿಡಿದಳು. "ಈ ಸಾರಿಗೆ ಅಣಬೆ ಇಲ್ಲ. ಈಗ ಗೊತ್ತಾಯ್ತು ನಂಗೆ, ಆ ಇಲಿಗೆ ಎಷ್ಟು ಪಟ್ಟು ಅಂತ" ಎಂದು ತಮ್ಮನನ್ನು ಒಂದು ನೋಟ ನೋಡಿದಳು. ಗಾಜು ಸಡಿಲವಾಯಿತು.

ಒರೆಸಿ, ಹೊರಗೆ ತಂದು, ಬಾವಿಯ ಕಂಬಕ್ಕೆ ಒರಗಿಸಿ ನೋಡಿದರೆ ಏನೂ ಇಲ್ಲ. ಇವರೆಲ್ಲ ಗಾಜಿನ ಜೊತೆ ಗುದ್ದಾಡುವಾಗ ಕಾಡಿನ ಹಿಂದಿನಿಂದ ಮೋಡದ ದೊಡ್ಡ ಕಂಬಳಿಯೊಂದು ಎದ್ದು ಆಕಾಶವನ್ನೆಲ್ಲ ಹೊದ್ದುಬಿಟ್ಟಿತ್ತು.

"ಹೋದ್ರಾ ಅವರು?" ಎಂದು ಪೆಲಾಗಿಯಾ ಪಿಸುಗುಟ್ಟಿದಳು. ಅವಳಿಗಿನ್ನೂ ಪೂರ್ತಿ ನಂಬಿಕೆ ಬಂದಿರಲಿಲ್ಲ.

ಹಿಮ ಬೀಳತೊಡಗಿತು. ಊರಿಗೆ ಊರೇ ಕತ್ತೆತ್ತಿ ನಿಂತಿತು. ಯೂಫೆಮಿಯಾಳ ಕಾಲು ಸ್ವಲ್ಪ ತತ್ತರಿಸಿತು. ಗೆನೊವೆಫಾ ಬಾಗಿಲ ಬಳಿಗೇ ಮುಕ್ಕಾಲಿ ತಂದಿಟ್ಟು ಕೂರಿಸಿದಳು. "ತಿನ್ನವ್ವ, ಕೈ ಮುಗೀತೀನಿ" ಎಂದಳು. ಮುದುಕಿ ಬೇಡವೆಂದು ತಲೆಯಾಡಿಸಿದಳು.

"ಅಂಬ್ರೋಜಿ, ಆ ಕಬ್ಬಿಣ ಕೆಳಗಿಡು. ಬರಿಗಣ್ಣಲ್ಲಿ ನೋಡು. ಕಾಣ್ತಾ ನಕ್ಷತ್ರ?"

ಅಂಬ್ರೋಜಿ ನೋಡಿದ. ಹಸಿದವರೆಲ್ಲ ಅವನ ಬಾಯನ್ನೇ ನೋಡುತ್ತಿದ್ದರು. ಕಾಣ್ತು ಅನ್ನೋ, ಅನ್ನೋ ಎಂದು ಕಾಯೆತಾನ್ ಕಣ್ಣಿನಲ್ಲೇ ಬೇಡಿಕೊಳ್ಳುತ್ತಿದ್ದ. ಫಾದರ್ ಕೂಡ ಆ ಕ್ಷಣ ಬೇಕೆಂತಲೇ ಬೇರೆ ಕಡೆ ಮುಖ ತಿರುಗಿಸಿದರು. ಒಂದು ಸಣ್ಣ ಸುಳ್ಳು ಹೇಳಿದ್ದರೆ ತಾಯಿ ಉಣ್ಣುತ್ತಿದ್ದಳು. ಆದರೆ ಹೊರಗಿನ ಆಕಾಶ ಮಬ್ಬು, ಒಳಗಿನ ಮನುಷ್ಯ ಪೆದ್ದ.

"ಇಲ್ಲವ್ವ. ನಂಗೆ ಏನೂ ಕಾಣ್ತಿಲ್ಲ" ಎಂದ, ಮತ್ತು ಅತ್ತುಬಿಟ್ಟ.

ಯೂಫೆಮಿಯಾ ನಕ್ಕಳು.

"ನಿಮ್ಮಪ್ಪನಿಗೂ ಕಾಣ್ತಿರಲಿಲ್ಲ."

"ಏನಂದ್ರಿ?" ಎಂದರು ಫಾದರ್.

"ಫ್ಲೋರಿಯಾನ್‌ಗೆ ಕಣ್ಣೆಲ್ಲಿತ್ತು? ಇವನಿಗೆ ಬಂದಿರೋದು ಅವರ ಕಣ್ಣೇ ಅಲ್ವಾ? ನಮ್ಮ ಹಸು ಅಂತ ಪಕ್ಕದ ಮನೆ ಎತ್ತನ್ನ ಹಾಲು ಕರೆಯೋಕೆ ಕೂತಿದ್ರು ಆ ಪುಣ್ಯಾತ್ಮ."

"ಆದ್ರೆ ಪ್ರತಿ ವರ್ಷ ಕೂಗ್ತಿದ್ನಲ್ಲ!" ಎಂದ ಕಾಯೆತಾನ್. ಹೇಳುತ್ತಿದ್ದಂತೆ ಅವನ ಬಾಯಿ ಅರ್ಧ ತೆರೆದೇ ನಿಂತಿತು. "ತಡೀರಿ... ಆ ದೊಡ್ಡ ಹಿಮದ ವರ್ಷ, ಮನೆ ಚಾವಣಿ ಕುಸೀತಲ್ಲ, ಆ ವರ್ಷಾನೂ ಕೂಗಿದ್ದ!"

"ಮೋಡ ಕವಿದಿದ್ದ ವರ್ಷಗಳೇ ಜಾಸ್ತಿ" ಎಂದಳು ಪೆಲಾಗಿಯಾ, ನಿಧಾನವಾಗಿ.

ಇಡೀ ಊರು ತಾನು ಉಂಡ ಊಟಗಳನ್ನೆಲ್ಲ ಒಂದೊಂದಾಗಿ ನೆನಪಿಸಿಕೊಂಡಿತು. ಒಂದು ವರ್ಷವೂ ತಪ್ಪಿರಲಿಲ್ಲ. ಹಿಮ ಸುರಿದರೂ, ಬಿರುಗಾಳಿ ಬೀಸಿದರೂ, ಗ್ರಾಬೂವ್ಕಾದ ಮೇಲೆ ನಕ್ಷತ್ರ ಹೊತ್ತಿಗೆ ಸರಿಯಾಗಿ ಹುಟ್ಟಿತ್ತು, ಮತ್ತು ಅದು ಹೇಗೆಂದು ಯಾರೂ ಒಮ್ಮೆಯೂ ಕೇಳಿರಲಿಲ್ಲ. ಬಿಸಿ ಸಾರು ಮುಂದಿದ್ದಾಗ ಅಂಥ ಪ್ರಶ್ನೆ ಯಾರಿಗೆ ತಾನೇ ಬಂದೀತು?

"ನಾನೂ ಹೊಸ ಸೊಸೆಯಾಗಿದ್ದಾಗ ಕೇಳಿದ್ದೆ, ಏನು ನೋಡಿ ಕೂಗ್ತೀರಾ ಅಂತ" ಎಂದಳು ಯೂಫೆಮಿಯಾ. "ಅಂಗಳಕ್ಕೆ ಹೋಗೋ ಮುಂಚೆ ಅಡಿಗೆಮನೇಲಿ ಒಂದು ಸುತ್ತು ಬರ್ತಿದ್ರು. ನನ್ನ ಮುಖ ನೋಡೋರು, ಇವಳ ಮುಖ ನೋಡೋರು, ಇವನ ಮುಖ ನೋಡೋರು. ಇನ್ನು ತಡೆಯೋಕಾಗಲ್ಲ ಇವರಿಗೆ ಅಂತ ಅನ್ನಿಸಿದಾಗ ಹೊರಗೆ ಹೋಗಿ ಕೂಗ್ತಿದ್ರು. ಬೆತ್ಲೆಹೇಮಿನ ದೇವರು ಇದಕ್ಕೆಲ್ಲ ಕೋಪ ಮಾಡ್ಕೊಳ್ಳಲ್ಲ ಕಣೇ ಅಂತಿದ್ರು. ಕೋಪ ಮಾಡ್ಕೋತಾನಾ ಫಾದರ್?"

ಫಾದರ್ ಸಿಲ್ವೆಸ್ಟರ್ ಟೋಪಿ ತೆಗೆದು ಕೈಯಲ್ಲಿ ಹಿಡಿದರು. "ಇಲ್ಲಮ್ಮ" ಎಂದರು. ಈ ಸಲ ಎಚ್ಚರಿಕೆಯಿಂದಲ್ಲ.

"ಮತ್ತೆ ಇಷ್ಟು ವರ್ಷ ನಂಗೆ ಯಾಕೆ ಹೇಳ್ಲಿಲ್ಲವ್ವ?" ಎಂದ ಅಂಬ್ರೋಜಿ, ಕನ್ನಡಕ ತೆಗೆದು ಮೂಗು ಒರೆಸಿಕೊಳ್ಳುತ್ತ.

"ಹೇಳಿ ಕೂಗಿಸಿದ್ರೆ ಅದು ನನ್ನ ಕೂಗಾಗುತ್ತೆ, ನಿನ್ನದಾಗಲ್ಲ. ಬಾ ಇಲ್ಲಿ. ಹತ್ರ ಬಾ. ಇನ್ನೂ ಹತ್ರ, ನಿಂಗೆ ಅಷ್ಟು ದೂರದಿಂದ ಎಲ್ಲಿ ಕಾಣುತ್ತೆ? ಈಗ ನೋಡು. ನನ್ನ ಮುಖ ನೋಡಿ ಹೇಳು."

ಅಂಬ್ರೋಜಿ ಹಿಮದಲ್ಲಿ ಮಂಡಿಯೂರಿ, ಮೂಗಿಗೆ ಮೂಗು ತಾಗುವಷ್ಟು ಹತ್ತಿರದಿಂದ ತಾಯಿಯ ಮುಖ ನೋಡಿದ. ಪಟ್ಟೂ ಬೇಕಾಗಲಿಲ್ಲ, ಗಾಜೂ ಬೇಕಾಗಲಿಲ್ಲ. ಬಿಳಿಚಿದ ತುಟಿ ಕಂಡಿತು, ಗುಳಿ ಬಿದ್ದ ಕೆನ್ನೆ ಕಂಡಿತು, ಇಷ್ಟು ಹೊತ್ತು ಕಾದೂ ಬೈಯದೆ ನಗುತ್ತಿದ್ದ ಕಣ್ಣು ಕಂಡಿತು. ಅವನು ಎದ್ದ. ಮಂಡಿಯ ಹಿಮ ಕೊಡವಲೂ ನಿಲ್ಲದೆ ದಿಬ್ಬದ ಅಂಚಿಗೆ ಹೋಗಿ, ದಟ್ಟ ಮೋಡದ ಕಡೆ ಮುಖವೆತ್ತಿ, ಕೆಳಗಿನ ಕಡೆಯ ಮನೆಯ ಒಲೆಯ ಮುಂದೆ ಕೂತವರಿಗೂ ಕೇಳುವಂತೆ ಕೂಗಿದ:

"ನಕ್ಷತ್ರ ಬಂತೋ!"

"ಬಂತು ಬಂತು!" ಎಂದಿತು ದಿಬ್ಬದ ಮೇಲಿನ ಊರು, ಒಬ್ಬರೂ ಮೇಲೆ ನೋಡದೆ.

ಗೆನೊವೆಫಾ ಹಬ್ಬದೂಟಕ್ಕೆ ಮೊದಲು ಹಂಚುವ ತೆಳುರೊಟ್ಟಿ ಮುರಿದು ಮೊದಲ ಚೂರನ್ನು ತಾಯಿಯ ಬಾಯಿಗಿಟ್ಟಳು. ಯೂಫೆಮಿಯಾ ನಿಧಾನವಾಗಿ ಅಗಿದು, ನುಂಗಿ, ಮಗನನ್ನು ಕರೆದಳು.

"ದನಿ ಇನ್ನೂ ಸ್ವಲ್ಪ ದಪ್ಪ ಇರಲಿ ಮಗಾ" ಎಂದಳು. "ಆಮೇಲೆ ಇವರನ್ನೆಲ್ಲ ಒಳಗೆ ಕರಿ. ಸಾರು ಆರಿಹೋಗುತ್ತೆ."